ಮನೆಅಳಿಯನ ಸ್ಪೇನು

ಜರ್ಮನಿಯ ಕಡೆಯ ಬವೇರಿಯಾದ ಒಂದು ಮಗು ಸತ್ತುಹೋಯಿತು. ಮುನ್ನೂರು ವರ್ಷಕ್ಕೂ ಹಿಂದಿನ ಮಾತು. ಸ್ಪೇನಿನ ರಾಜನಿಗೆ ಮಕ್ಕಳಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಅವನು ಇವತ್ತು ಸಾಯುತ್ತಾನೆ, ನಾಳೆ ಸಾಯುತ್ತಾನೆ ಎಂದು ಯುರೋಪಿನ ಅರಮನೆಗಳೆಲ್ಲ ಕಾದು ಕಾದು ಬೇಸತ್ತವು. ಕೊನೆಗೆ ಯಾರಿಗೂ ಅಷ್ಟಾಗಿ ಹೊಟ್ಟೆಯುರಿ ತರದ ಒಂದು ಮಗುವನ್ನು ಹುಡುಕಿ, ಸ್ಪೇನು ಇವನಿಗೆ ಎಂದು ಒಪ್ಪಿಕೊಂಡವು. ಒಪ್ಪಿದ ಸ್ವಲ್ಪ ದಿನಕ್ಕೇ ಆ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ಆಮೇಲೆ ರಾಜನೂ ಹೋದ. ಆಮೇಲೆ ಹತ್ತು ವರ್ಷ ಮೀರಿ ಯುದ್ಧ.

ಆ ಹುಡುಗ ಬದುಕಿದ್ದರೆ?

ಇದು ನನ್ನ ಚಟ. ಒಬ್ಬೊಬ್ಬರಿಗೆ ಎಲೆಯಡಿಕೆ, ಇಸ್ಪೀಟು ಇರುವ ಹಾಗೆ ನನಗೆ ಸತ್ತ ರಾಜಕುಮಾರರನ್ನು ಬದುಕಿಸುವ ಚಟ. ಅದನ್ನು ನಾನು ಮಾಡುವುದು ಯಾವ ಗ್ರಂಥಾಲಯದಲ್ಲೂ ಅಲ್ಲ, ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ, ಕಟಿಂಗ್ ಟೇಬಲ್ಲಿನ ಮುಂದೆ ನಿಂತುಕೊಂಡು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಗುರುತು ಹಾಕಿ, ಕೈಯಲ್ಲಿ ಮಿಷನ್ನು ಹಿಡಿದು ಕತ್ತರಿಸುತ್ತಾ ಹೋಗಬೇಕು. ತಲೆಗೆ ಕೆಲಸವಿಲ್ಲ. ಸಂಜೆಯ ಹೊತ್ತಿಗೆ ಮೊಣಕೈಯವರೆಗೆ ಜುಮುಜುಮು, ಉಗುರಿನ ಸಂದಿಯಲ್ಲಿ ನೀಲಿ, ಸೀನಿದರೆ ಕರವಸ್ತ್ರವೂ ನೀಲಿ. ಅಷ್ಟರಲ್ಲಿ ಸ್ಪೇನಿನಲ್ಲಿ ಯುದ್ಧ ತಪ್ಪಿರುತ್ತದೆ.

ನಾನು ಈ ಊರಿನವನಲ್ಲ. ಮಡಕಶಿರಾದ ಕಡೆ, ರೊಳ್ಳದ ಹತ್ತಿರದ ಹಳ್ಳಿಯವನು. ಈಗ ಜಿಲ್ಲೆಯೂ ಬೇರೆಯಾಗಿದೆ. ನಾನು ಹುಟ್ಟಿದ್ದು ಹಳೇ ಅನಂತಪುರ ಜಿಲ್ಲೆಯಲ್ಲಿ, ಇರುವುದೂ ಅನಂತಪುರ ಜಿಲ್ಲೆಯಲ್ಲಿ, ಆದರೆ ತವರು ಮಾತ್ರ ನನ್ನನ್ನು ಕೇಳದೆ ಇನ್ನೊಂದು ಜಿಲ್ಲೆಗೆ ಹೋಗಿಬಿಟ್ಟಿದೆ. ಗಂಡಸಾಗಿ ತವರು ಅನ್ನುತ್ತೀಯಲ್ಲ ಎಂದು ಯಾರಾದರೂ ನಕ್ಕರೆ ನಗಲಿ. ಮನೆಅಳಿಯನಿಗೆ ಹುಟ್ಟಿದೂರು ತವರೇ.

ನಮ್ಮದು ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ ತೋಟದ ಮನೆ. ಮೂವರು ಗಂಡುಮಕ್ಕಳಲ್ಲಿ ನಾನು ಕೊನೆಯವನು. ಇತಿಹಾಸ ಓದಿ ರಾಯದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಮಾವನವರು ನನ್ನನ್ನು ಅಲ್ಲೇ ನೋಡಿದ್ದು. ಅವರಿಗೆ ಹೊಲಿಗೆಯ ಯೂನಿಟ್ಟು ಇತ್ತು, ಯೂನಿಟ್ಟಿನ ಮೇಲೆ ಮನೆಯಿತ್ತು, ಮನೆಯಲ್ಲಿ ಒಬ್ಬಳೇ ಮಗಳಿದ್ದಳು. ಗಂಡುಮಗ ಇರಲಿಲ್ಲ. ನಮ್ಮ ಕಡೆ ಇದಕ್ಕೆ ತಕ್ಕ ಏರ್ಪಾಟು ಹಿಂದಿನಿಂದಲೂ ಇದೆ. ತೆಲುಗಿನಲ್ಲಿ ಇಲ್ಲರಿಕಂ ಅನ್ನುತ್ತಾರೆ. ಅಳಿಯ ಹೆಣ್ಣಿನ ಮನೆಗೆ ಬಂದು ಇರುತ್ತಾನೆ, ಮಗನ ಹಾಗೆ ದುಡಿಯುತ್ತಾನೆ, ಮಗನಿಗೆ ಬರಬೇಕಾದದ್ದು ಅವನಿಗೆ ಬರುತ್ತದೆ.

ಮಾವ ನಮ್ಮ ಹಳ್ಳಿಗೆ ಬಂದು ಜಗಲಿಯ ಮೇಲೆ ಕೂತು, ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಗಳ ನಡುವೆ, ಊರಿನ ನಾಲ್ಕು ಜನರ ಎದುರಿಗೆ ನಮ್ಮಪ್ಪನಿಗೆ ಮಾತು ಕೊಟ್ಟರು. "ಯೂನಿಟ್ಟು, ಮನಿ, ಎಲ್ಲಾ ನಿಮ್ಮ ಮಗಂದ ರೀ. ನನಗ ಇನ್ಯಾರದಾರ?" ನಮ್ಮಪ್ಪ ತಲೆ ತೂಗಿದರು. ನಾನು ಕಂಬಕ್ಕೆ ಒರಗಿಕೊಂಡು ಕೇಳಿದೆ. ಕಾಗದವಿಲ್ಲ, ಸಹಿ ಇಲ್ಲ. ಮಾವನಂಥವರಿಗೆ ಅದು ಬೇಕಾಗಿರಲಿಲ್ಲ, ಈಗಲೂ ಬೇಕಾಗಿಲ್ಲ. ನನ್ನ ಕಷ್ಟವೆಲ್ಲ ಅಲ್ಲಿಂದಲೇ ಶುರು. ಅವರು ಮಾತಿಗೆ ತಪ್ಪುವ ಮನುಷ್ಯನಾಗಿದ್ದರೆ ನಾನು ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ.

ಮದುವೆಯಾದ ಮರುವರ್ಷ ನನ್ನ ಹೆಂಡತಿ ಬಸುರಿಯಾದಳು. ಅದೇ ಹೊತ್ತಿಗೆ ನನ್ನ ಅತ್ತೆಯೂ ಬಸುರಿಯಾದರು.

ಇಷ್ಟು ವರ್ಷದ ಮೇಲೆ, ಅಳಿಯ ಮನೆಯಲ್ಲಿರುವಾಗ! ಅತ್ತೆ ಪಾಪ ನಾಚಿಕೆಯಿಂದ ಕೆಳಗೆ ಯೂನಿಟ್ಟಿಗೆ ಇಳಿಯುವುದನ್ನೇ ಬಿಟ್ಟರು. ಓಣಿಯ ಹೆಂಗಸರು ಏನು ಬೇಕೋ ಅದನ್ನೆಲ್ಲ ಆಡಿ ಮುಗಿಸಿದರು. ಮೊದಲು ಅತ್ತೆಗೆ ಹೆರಿಗೆಯಾಯಿತು. ಗಂಡು. ಸ್ವಲ್ಪ ದಿನಕ್ಕೆ ನನ್ನ ಹೆಂಡತಿಗೆ ಹೆಣ್ಣು. ಅವತ್ತೇ ಯಾರೋ ಒಬ್ಬಾಕೆ ತೊಟ್ಟಿಲಿನ ಹತ್ತಿರ ನಿಂತು, "ಗಂಡ ಮೊದಲ ಬಂದು ಸೀಟು ಹಿಡದಾನ ನೋಡವಾ" ಎಂದು ನಕ್ಕಿದ್ದು ನನಗೆ ನೆನಪಿದೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನ ದೊಡ್ಡಣ್ಣನ ಹೆಂಡತಿ ನಮ್ಮ ಅಕ್ಕನ ಮಗಳೇ. ವರಸೆ ಕೂಡಿತು, ವಯಸ್ಸಿನಲ್ಲೂ ಹುಡುಗ ಕೂದಲೆಳೆಯಷ್ಟು ದೊಡ್ಡವನು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅತ್ತೆಗೆ ಹೆರಿಗೆಯಾದ ಮೇಲೆ ಜ್ವರ ಬಿಡಲಿಲ್ಲ, ಹಾಲು ಬರಲಿಲ್ಲ. ನನ್ನ ಹೆಂಡತಿ ತನ್ನ ಮಗಳಿಗೂ ತಮ್ಮನಿಗೂ ಹಾಲು ಕೊಟ್ಟಳು. ಒಂದು ಕಡೆ ಅವನು, ಒಂದು ಕಡೆ ಇವಳು. ಅತ್ತೆ ಮಂಚದ ಮೇಲೆ ಮಲಗಿ ನೋಡುತ್ತಿದ್ದರು. ಮಕ್ಕಳಿಬ್ಬರೂ ಶಾಲೆಗೆ ಹೋಗುವ ಹೊತ್ತಿಗೆ ಅತ್ತೆ ಹೋದರು. ಹುಡುಗನಿಗೆ ತಾಯಿ ಅಂದರೆ ಅಕ್ಕನೇ ಆದಳು. ಅವನು ಅವಳನ್ನು ಅಕ್ಕ ಅನ್ನುತ್ತಿದ್ದ, ನನ್ನ ಮಗಳು ಅಮ್ಮ ಅನ್ನುತ್ತಿದ್ದಳು. ಇಬ್ಬರ ಜಗಳ ಮಾತ್ರ ಒಂದೇ ಧ್ವನಿಯಲ್ಲಿ ಅವಳ ಹತ್ತಿರ ಬರುತ್ತಿತ್ತು.

ಇನ್ನು ನನ್ನ ಪಾಡು. ಮಗ ಇಲ್ಲವೆಂದು ತಂದ ಅಳಿಯನಿಗೆ, ಮಗ ಹುಟ್ಟಿದ ಮೇಲೆ ಏನು ಹೆಸರು? ಯಾರೂ ಏನೂ ಅನ್ನಲಿಲ್ಲ. ಮಾವ ಮೊದಲಿಗಿಂತ ಹೆಚ್ಚು ಗೌರವ ಕೊಡತೊಡಗಿದರು. ಅದು ನನಗೆ ಇನ್ನೂ ಹಿಂಸೆಯಾಯಿತು. ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಳ್ಳುವವರು ವರ್ಷ ವರ್ಷಕ್ಕೆ ಕಡಿಮೆಯಾಗಿ ಕೊನೆಗೆ ಆ ವಿಷಯವನ್ನೇ ಕೈಬಿಟ್ಟರು. ನಾನು ಪೂರ್ತಿಯಾಗಿ ಕಟಿಂಗ್ ಟೇಬಲ್ಲಿಗೆ ಬಂದೆ. ಮಾವ ನನ್ನನ್ನು ಕರೆಯುವುದು ಈಗಲೂ ಮಾಸ್ತರ್ರೇ ಎಂದೇ. ಪಾಠ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಬಿಟ್ಟಿಲ್ಲ.

ಆ ಚಟ ಆಗಲೇ ಗಟ್ಟಿಯಾಗಿದ್ದು. ಕರೆಂಟು ಹೋದರೆ ಮಿಷನ್ನುಗಳು ಒಂದೊಂದಾಗಿ ನಿಲ್ಲುತ್ತವೆ, ಒಮ್ಮೆಲೇ ಕಿವಿಗೆ ಬಿಡುವು. ಮಕ್ಕಳಿಬ್ಬರೂ ಕತ್ತರಿಸಿಟ್ಟ ಬಂಡಲುಗಳ ಮೇಲೆ ಏರಿ ಕೂತು, "ಯಾರನ್ನ ಬದುಕಸ್ತಿ ಇವತ್ತು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆಟಕ್ಕೆ ನಿಯಮ ಒಂದೇ. ಒಂದು ಹುಟ್ಟನ್ನು, ಇಲ್ಲವೇ ಒಂದು ಸಾವನ್ನು ಬದಲಿಸಬಹುದು. ಜನರ ಬುದ್ಧಿಯನ್ನು ಬದಲಿಸುವಂತಿಲ್ಲ. ಬುದ್ಧಿಯನ್ನು ಬದಲಿಸುತ್ತಾ ಹೋದರೆ ಆಟವೇ ಇರುವುದಿಲ್ಲ, ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ.

ಇಂಗ್ಲೆಂಡಿನಲ್ಲಿ ಒಬ್ಬ ರಾಜಕುಮಾರ ಮದುವೆಯಾದ ಕೆಲವೇ ತಿಂಗಳಿಗೆ ಸತ್ತ. ಅವನ ಹೆಂಡತಿಯನ್ನು ತಮ್ಮ ಕಟ್ಟಿಕೊಂಡ, ಅವನೇ ರಾಜನಾದ, ಗಂಡುಮಗು ಬೇಕೆಂದು ಹೆಂಡತಿಯನ್ನು ಬಿಡಲು ಹೊರಟು ರೋಮಿನ ಧರ್ಮಗುರುವಿನ ಜೊತೆಗೇ ಸಂಬಂಧ ಕಡಿದುಕೊಂಡ. ಅಣ್ಣ ಬದುಕಿದ್ದರೆ? ಹುಡುಗ ಥಟ್ಟನೆ ಹೇಳಿದ್ದ, "ತಮ್ಮ ಕೆಲಸ ಇಲ್ದ ಊರೆಲ್ಲ ತಿರಗ್ತಿದ್ದ." ನನ್ನ ಮಗಳು ಯೋಚಿಸಿ, "ಆ ಹೆಣ್ಣುಮಗಳು ಒಬ್ಬನ ಜೊತೀನೇ ಇರ್ತಿದ್ಲು, ಪಾಪ" ಅಂದಿದ್ದಳು. ಅದೇ ಇಂಗ್ಲೆಂಡಿನ ಒಬ್ಬ ರಾಣಿ ಹೆತ್ತದ್ದೆಲ್ಲ ಸತ್ತು, ಕೊನೆಗೆ ಉಳಿದ ಒಬ್ಬ ಮಗನೂ ಹುಟ್ಟುಹಬ್ಬದ ಊಟ ಮಾಡಿ ಜ್ವರ ಬಂದು ಹೋಗಿಬಿಟ್ಟ. ಆ ಸಿಂಹಾಸನ ಜರ್ಮನಿಯ ದೂರದ ನೆಂಟರ ಪಾಲಾಯಿತು. ಆ ಹುಡುಗ ಬದುಕಿದ್ದರೆ ನಮ್ಮ ರಾಯದುರ್ಗಕ್ಕೆ ರೈಲು ಬರುತ್ತಿತ್ತೋ ಇಲ್ಲವೋ ಎಂಬ ಬಗ್ಗೆ ಒಂದು ಮಧ್ಯಾಹ್ನ ಪೂರ್ತಿ ವಾದ ನಡೆಯಿತು. ನಡುವೆ ಮಗಳು ಕೇಳಿದಳು, "ನಮ್ಮ ಕ್ವಾಟಿ ಕಾಣ್ತೈತಲ್ಲಪ್ಪ ಗುಡ್ಡದ ಮ್ಯಾಲ, ಅಲ್ಲೂ ಪಾಳೇಗಾರರು ಇದ್ರಲ್ಲ, ಅವರನ್ನ ಬಿಟ್ಟು ಸ್ಪೇನಿಗೆ ಯಾಕ ಹೋಗ್ತಿ?" ಇಲ್ಲಿಯವರನ್ನು ಮುಟ್ಟಿದರೆ ಯಾರದೋ ಮರಿಮಗ ಬಂದು ಜಗಳ ತೆಗೆಯುತ್ತಾನೆ, ಸ್ಪೇನಿನಿಂದ ಯಾರೂ ಬರುವುದಿಲ್ಲ ಅಂದೆ.

ಆಸ್ಟ್ರಿಯಾದ ರಾಜನ ಕತೆಯನ್ನೂ ಹೇಳಿದ್ದೆ. ಅವನಿಗೆ ಹೆಣ್ಣುಮಕ್ಕಳು ಮಾತ್ರ ಉಳಿದಿದ್ದರು. ತನ್ನ ಮಗಳಿಗೇ ರಾಜ್ಯ ಎಂದು ಬರೆದು, ಎಲ್ಲಾ ದೊರೆಗಳಿಂದ ಒಪ್ಪಿಗೆ ಪಡೆಯುವುದರಲ್ಲೇ ಆಯುಸ್ಸು ಸವೆಸಿದ. ಅವನು ಕಣ್ಣು ಮುಚ್ಚಿದ್ದೇ ತಡ, ಒಪ್ಪಿದವರೇ ಅವಳ ಮೇಲೆ ದಂಡು ಕಟ್ಟಿಕೊಂಡು ಬಂದರು. ಅವನಿಗೆ ಒಬ್ಬ ಮಗ ಹುಟ್ಟಿ ಎಳೆಯದರಲ್ಲೇ ಹೋಗಿದ್ದ. ಆ ಮಗು ಬದುಕಿದ್ದರೆ, ಎಂದು ನಾನು ಶುರು ಮಾಡಿದೆ. ಮಗಳು ತಡೆದಳು. "ಆಕಿಗೇ ಸುಮ್ನ ಬಿಟ್ಟಿದ್ರ ಏನಾಗ್ತಿತ್ತು?" ಅದು ಆಟಕ್ಕೆ ಬರುವುದಿಲ್ಲ ಅಂದೆ. ಹುಟ್ಟು ಇಲ್ಲವೇ ಸಾವು. ಬುದ್ಧಿ ಬದಲಿಸುವಂತಿಲ್ಲ. ಅವಳು ಮುಖ ಊದಿಸಿಕೊಂಡಳು. ಆಚೆಗೆ ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್ನಿನ ಮುಂದೆ ಕೂತಿದ್ದ ನನ್ನ ಹೆಂಡತಿ ದಾರ ಕಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಯಾವಾಗಲೂ ಕೇಳಿಸಿಕೊಳ್ಳುತ್ತಿದ್ದಳು.

ನಾನು ಮಕ್ಕಳ ಮುಂದೆ ಆಡದೆ, ಒಳಗೊಳಗೇ ಆಡುತ್ತಿದ್ದ ಆಟವೂ ಒಂದಿತ್ತು. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಗೆ ಆ ಮಗು ಹುಟ್ಟದೆ ಇದ್ದಿದ್ದರೆ? ಬಂಡಲು ಕತ್ತರಿಸುವಾಗ, ಮಿಷನ್ನಿಗೆ ಎಣ್ಣೆ ಬಿಡುವಾಗ, ಬಳ್ಳಾರಿಗೆ ವಾಷಿಂಗಿಗೆ ಮಾಲು ಹಾಕಿ ಬರುವಾಗ ಅದನ್ನೇ ಆಡಿದ್ದೇನೆ. ಆಮೇಲೆ ಮನೆಗೆ ಬಂದರೆ ಅದೇ ಹುಡುಗ, "ಭಾವ, ಕೈ ತೋರ್ಸು" ಎಂದು ನನ್ನ ಜುಮುಗುಡುವ ಕೈಯನ್ನು ತಾನೇ ತಿಕ್ಕುತ್ತಿದ್ದ. ಅವನಿಲ್ಲದ ಲೋಕದಲ್ಲಿ ಯೂನಿಟ್ಟು ನನ್ನದು, ಕೈ ತಿಕ್ಕುವವರು ಇಲ್ಲ. ಅಲ್ಲಿಗೆ ನನ್ನ ಆಟ ನಿಲ್ಲುತ್ತಿತ್ತು, ಮರುದಿನ ಮತ್ತೆ ಶುರುವಾಗುತ್ತಿತ್ತು. ದಣಿವು ಅಂದರೆ ಇದೇ ಎಂದು ನನಗೆ ಅನ್ನಿಸಿದೆ. ಕೆಲಸದಿಂದ ಬರುವ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ.

ಈ ವರ್ಷ ಯುಗಾದಿ ಮುಗಿದ ಮೇಲೆ ಮಾವ ನನ್ನನ್ನು ಕರೆದು ಕೂರಿಸಿದರು. ಅವರಿಗೆ ಈಗ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. "ಮಾಸ್ತರ್ರ, ನಾ ಇರೋದ್ರಾಗ ಇದನ್ನ ಮುಗಸಬೇಕು. ನಿಮ್ಮಪ್ಪಗ ಮಾತು ಕೊಟ್ಟೀನಿ. ಆತ ಇಲ್ಲ, ಮಾತು ಐತಿ. ಮಗನ್ನೂ ಬಿಡಂಗಿಲ್ಲ. ನಿಮ್ಮ ಮಗಳನ್ನ ನನ್ನ ಮಗಗ ತಂದುಕೊಂಡ್ರ ಯೂನಿಟ್ಟು ನಿಮ್ಮ ಮನಿತನದಾಗೂ ಇರತೈತಿ, ನನ್ನ ಮನಿತನದಾಗೂ ಇರತೈತಿ. ನನ್ನ ಮಾತೂ ಉಳೀತೈತಿ."

ಅವರ ಮುಖದಲ್ಲಿ ಎಷ್ಟೋ ವರ್ಷದ ಗಂಟು ಬಿಚ್ಚಿದ ಸಮಾಧಾನವಿತ್ತು. ನನಗೆ ನಗು ಬಂತು, ಹೆದರಿಕೆಯೂ ಆಯಿತು. ಅದೇ ಸ್ಪೇನಿನ ಮನೆತನದವರು ತಲೆತಲಾಂತರ ಮಾಡಿದ ಲೆಕ್ಕವೇ ಇದು. ಆಸ್ತಿ ಹೊರಗೆ ಹೋಗಬಾರದೆಂದು ಸೋದರಮಾವನಿಗೆ ಅಕ್ಕನ ಮಗಳನ್ನು, ಚಿಕ್ಕಪ್ಪನಿಗೆ ಅಣ್ಣನ ಮಗಳನ್ನು ಕೊಡುತ್ತಾ ಬಂದು, ಕಡೆಗೆ ಆ ಮಕ್ಕಳಾಗದ, ನೆಟ್ಟಗೆ ಅಗಿಯಲೂ ಆಗದ ರಾಜನವರೆಗೆ ಬಂದು ನಿಂತರು. ನಮ್ಮ ಮನೆಗೆ ಹಾಗೇನೂ ಆಗುತ್ತದೆಂದು ನಾನು ಹೆದರಲಿಲ್ಲ. ನಮ್ಮಣ್ಣನ ಮಕ್ಕಳು ಗಟ್ಟಿಮುಟ್ಟಾಗಿಯೇ ಇದ್ದಾರೆ. ನಾನು ಹೆದರಿದ್ದು ಬೇರೆಯದಕ್ಕೆ. ಸುದ್ದಿ ತಿಳಿದ ಮಾರನೆಯ ದಿನದಿಂದ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು. ಅವನು ಕೆಳಗಿದ್ದರೆ ಇವಳು ಮೇಲೆ. ಒಂದೇ ತಟ್ಟೆಗೆ ಕೈ ಹಾಕಿ ಕಿತ್ತಾಡುತ್ತಿದ್ದವರು ಬೇರೆ ಬೇರೆ ಹೊತ್ತಿಗೆ ಊಟ ಮಾಡತೊಡಗಿದರು.

ನಾನು ಊರಿಗೆ ಹೋದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಮ್ಮೆ ಬದಲಿಸಿ, ಮಡಕಶಿರಾ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಆಂಧ್ರದಿಂದ ಕರ್ನಾಟಕಕ್ಕೆ ದಾಟಿ, ಮತ್ತೆ ಆಂಧ್ರಕ್ಕೆ ದಾಟಿ ಹುಟ್ಟಿದೂರಿಗೆ ಬರಬೇಕು. ದೊಡ್ಡಣ್ಣನಿಗೆ ಎಲ್ಲ ಹೇಳಿ, ನನಗೆ ಈ ಮದುವೆಗೆ ಮನಸ್ಸಿಲ್ಲ ಎಂದೆ. ಸೊಪ್ಪು ಕತ್ತರಿಸುತ್ತಿದ್ದವನು ಕೈ ನಿಲ್ಲಿಸದೆಯೇ ಕೇಳಿದ.

"ತಲೆ ಕೆಟ್ಟೈತೇನ್ಲಾ ನಿಂಗೆ? ಅವ್ರಾಗವ್ರೇ ಕೊಡ್ತೀನಿ ಅಂತಾವ್ರೆ. ಮಗ್ಳು ಕಣ್ಮುಂದೆ ಇರ್ತಾಳೆ, ಯೂನಿಟ್ಟೂ ಇರ್ತೈತೆ. ಇಷ್ಟು ವರ್ಸ ಅಲ್ಲಿ ಕತ್ತೆ ತರ ದುಡ್ದಿದ್ದು ಯಾಕೆ? ನಾನು ಅಕ್ಕನ ಮಗ್ಳುನ್ನೇ ತಂದಿಲ್ವಾ, ಏನಾಗೈತೆ ನಂಗೆ?"

ಅವನ ಹೆಂಡತಿ ಟೀ ತಂದುಕೊಟ್ಟಳು. ನನಗೆ ಅತ್ತಿಗೆಯೂ ಹೌದು, ಅಕ್ಕನ ಮಗಳೂ ಹೌದು. ಮೊದಲಿಂದ ಮಾವ ಎಂದೇ ಕರೆಯುತ್ತಾಳೆ. ಅಣ್ಣ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಾಗ ಮೆಲ್ಲಗೆ ಕೇಳಿದಳು. "ನಿನ್ನ ಮಗ್ಳುನ್ನ ಕೇಳಿದ್ಯಾ ಮಾವ? ನನ್ನ ಯಾರೂ ಕೇಳ್ಲಿಲ್ಲ."

ಅಷ್ಟೇ ಅಂದು ಲೋಟ ತೆಗೆದುಕೊಂಡು ಹೋದಳು. ಬರುವಾಗ ಬಸ್ಸಿನಲ್ಲಿ ಯಾವ ರಾಜಕುಮಾರನೂ ನೆನಪಿಗೆ ಬರಲಿಲ್ಲ.

ಕೇಳಿದೆ. ಮಗಳು ಬಂಡಲಿಗೆ ನಂಬರ್ ಅಂಟಿಸುತ್ತಾ ಕೂತಿದ್ದಳು. "ಮಾಮನ ಜೊತಿ ಜಗಳಾಡಬೋದಪ್ಪ, ಸಂಸಾರ ಹೆಂಗ ಮಾಡಾಕ ಬರತೈತಿ?" ಅಂದಳು. ಹಾಗಾದರೆ ಬೇಡ ಅನ್ನು ಎಂದೆ. ತಲೆ ಎತ್ತದೆ ಅಂದಳು, "ನಾ ಬ್ಯಾಡ ಅಂದ್ರ ನಿನಗ ಏನೂ ಉಳಿಯಂಗಿಲ್ಲಲ್ಲ. ಇಷ್ಟು ವರ್ಷ ಕೈ ಸವಿಸಿಕೊಂಡಿ."

ಅವನನ್ನೂ ಕೇಳಿದೆ. ಅವನು ಜಿಪ್ಪಿನ ಡಬ್ಬಿ ಜೋಡಿಸುತ್ತಿದ್ದ. "ಭಾವ, ನಾ ಹುಟ್ಟಿದ್ದಕ್ಕ ನಿನ್ನ ಯೂನಿಟ್ಟು ಹೋಯ್ತು. ಈಗ ನಾ ಒಲ್ಲೆ ಅಂದ್ರ ಎರಡನೇ ಸಲ ಕಸಗೊಂಡಂಗ ಆಗತೈತಿ" ಅಂದ. ಅವನ ಕಣ್ಣು ತುಂಬಿತ್ತು. ನಾನು ಯಾರ ಹತ್ತಿರವೂ ಬಾಯಿಬಿಡದ ಆಟವನ್ನು ಅವನು ಎಂದಿನಿಂದ ಬಲ್ಲ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿಗೆ ನನಗೆ ವಿಷಯ ಸ್ಪಷ್ಟವಾಯಿತು. ಇಬ್ಬರಿಗೂ ಬೇಡ. ಇಬ್ಬರೂ ನನ್ನ ಸಲುವಾಗಿ ಕುತ್ತಿಗೆ ಒಡ್ಡಿ ನಿಂತಿದ್ದಾರೆ. ನಾನು ನನಗೇನೂ ಬೇಡ ಅಂದುಬಿಟ್ಟರೆ ಮುಗಿಯಿತು. ಎಷ್ಟು ಸುಲಭದ ಮಾತು. ಅದನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಒಂದು ವಾರ ಬಟ್ಟೆ ಕತ್ತರಿಸುತ್ತಾ ಆ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಒಮ್ಮೆ ದೊಡ್ಡ ಮನುಷ್ಯನಾದೆ ಅನ್ನಿಸುತ್ತಿತ್ತು, ಮರುಗಳಿಗೆಯಲ್ಲಿ ದಡ್ಡ ಅನ್ನಿಸುತ್ತಿತ್ತು.

ಮಾತು ಮುಗಿಸಲೆಂದು ಒಂದು ಭಾನುವಾರ ಎಲ್ಲರೂ ಮೇಲಿನ ಪಡಸಾಲೆಯಲ್ಲಿ ಕೂತೆವು. ಊರಿನಿಂದ ದೊಡ್ಡಣ್ಣ ಬಂದಿದ್ದ. ಮಾವ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹುಡುಗ ಬಾಗಿಲ ಹತ್ತಿರ, ಮಗಳು ಅಡುಗೆಮನೆಯ ಗೋಡೆಗೆ ಒರಗಿ. ನನ್ನ ಹೆಂಡತಿ ಒಳಗೆ ಚಹಾ ಸೋಸುತ್ತಿದ್ದಳು. ಮಾವ ಅದನ್ನೇ ಇನ್ನೊಮ್ಮೆ ಹೇಳಿ ಮುಗಿಸಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಮಾವ, ನನಗ ಯೂನಿಟ್ಟು ಬ್ಯಾಡ್ರಿ. ನಮ್ಮಪ್ಪಗ ಕೊಟ್ಟ ಮಾತನ್ನ ನಾ ಬಿಟ್ಟುಕೊಟ್ಟೀನಿ. ಎಲ್ಲಾ ನಿಮ್ಮ ಮಗಂದ. ಈ ಮದುವಿ ಬ್ಯಾಡ."

ದೊಡ್ಡಣ್ಣ "ಅಯ್ಯೋ ನಿನ್ನ" ಎಂದು ಹಣೆ ಮುಟ್ಟಿಕೊಂಡ. ಮಾವ ಸಿಟ್ಟಾಗಲಿಲ್ಲ. ಅವರಿಗೆ ನೋವಾಯಿತು. "ನೀವು ಬಿಟ್ಟುಕೊಡಾಕ ಅದು ನಿಮ್ಮದಲ್ಲ ಮಾಸ್ತರ್ರ. ಮಾತು ಕೊಟ್ಟಾವ ನಾನು. ಅದನ್ನ ಉಳಿಸಿಕೊಳ್ಳೋದು, ಬಿಡೋದು ನಂದು. ನಿಮಗ ಏನೂ ಕೊಡದ ನಾ ಹೋದ್ರ ಊರ ಮಂದಿ ಏನಂದಾರು?"

ಸ್ಪೇನಿನ ಹೆಣ್ಣುಮಗಳೊಬ್ಬಳು ಫ್ರಾನ್ಸಿನ ರಾಜನನ್ನು ಮದುವೆಯಾಗಿ ಹೋಗುವಾಗ ತವರಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದಳು. ಮೊಮ್ಮಗನ ಕಾಲಕ್ಕೆ, ಆ ಬಿಟ್ಟುಕೊಟ್ಟದ್ದು ನಡೆಯುವುದಿಲ್ಲ ಎಂದುಬಿಟ್ಟರು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆ! ಬೇಡ ಅನ್ನುವುದಕ್ಕೂ ಅಧಿಕಾರ ಬೇಕು, ನನಗೆ ಅದೂ ಇರಲಿಲ್ಲ. ವಾರವಿಡೀ ಹೆಣಗಿ ಹೊರಗೆ ತಂದ ಮಾತು ನೆಲಕ್ಕೆ ಬಿತ್ತು.

ನನ್ನ ಹೆಂಡತಿ ಚಹಾ ತಂದಳು. ಅಪ್ಪನ ಕೈಗೆ ಲೋಟ ಕೊಟ್ಟಳು, ದೊಡ್ಡಣ್ಣನಿಗೆ ಕೊಟ್ಟಳು, ನನಗೆ ಕೊಟ್ಟಳು. ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅಪ್ಪ, ಇವರಿಬ್ಬರೂ ನನ್ನ ಹಾಲು ಕುಡದು ಬೆಳದಾರ. ನನಗ ಇಬ್ಬರೂ ಮಕ್ಕಳ. ನನ್ನ ಮಗಳನ್ನ ನನ್ನ ಮಗಗ ನಾ ಕೊಡಂಗಿಲ್ಲ."

ಮಾವ ಮೆತ್ತಗೆ ಹೇಳಿದರು. "ಹಾಲಿನಿಂದ ವರಸಿ ಕೆಡಂಗಿಲ್ಲವ್ವ. ಆತ ನಿನ್ನ ತಮ್ಮ. ಎಲ್ಲಾರಿಗೂ ಗೊತ್ತೈತಿ."

"ಹಾಲು ಕೊಟ್ಟಾಕಿಗೆ ಗೊತ್ತಿಲ್ಲೇನು?" ಅವಳ ಧ್ವನಿ ಏರಲಿಲ್ಲ. "ಮಗ ಇಲ್ಲ ಅಂತ ಅಳಿಯನ್ನ ತಂದಿ. ಮಗ ಹುಟ್ಟಿದ. ಈಗ ಅಳಿಯಗ ಕೊಟ್ಟ ಮಾತು ಉಳಿಸಾಕ ಮೊಮ್ಮಗಳನ್ನ ಕೊಡು ಅಂತಿ. ನಡುವ ನಾ ಒಬ್ಬಾಕಿ ಇದ್ದೆ ಅಪ್ಪ. ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಈಕಿಗೇ ಕೊಟ್ರಾತು ಅಂತ ಅವತ್ತೂ ಅನ್ನಲಿಲ್ಲ, ಇವತ್ತೂ ಅನ್ನವಲ್ಲಿ. ನಾ ಕೇಳಿದ್ದಿಲ್ಲ, ಅದು ಬ್ಯಾರೆ. ನಿಮಗ್ಯಾರಿಗೂ ನೆನಪೂ ಆಗಲಿಲ್ಲೇನು?"

ನಿಮಗ್ಯಾರಿಗೂ ಅನ್ನುವಾಗ ಅವಳು ನೋಡಿದ್ದು ಅಪ್ಪನನ್ನಲ್ಲ. ನನ್ನನ್ನು.

ಮಾವ ಚಹಾದ ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟರು. ಕುಡಿಯಲಿಲ್ಲ. ಅವರು ಮಗಳನ್ನು ಮೊದಲ ಸಲ ನೋಡಿದ ಹಾಗೆ ನೋಡಿದರು ಎಂದು ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ. ಅವರು ನೆಲ ನೋಡುತ್ತಿದ್ದರು. ಕೊನೆಗೆ, "ಮದುವಿ ಮಾತು ಇಲ್ಲಿಗೆ ಬಿಡ್ರಿ" ಅಂದರು. ಯೂನಿಟ್ಟಿನ ಬಗ್ಗೆ ಏನೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ದೊಡ್ಡಣ್ಣ ಊಟ ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಬಸ್‌ಸ್ಟ್ಯಾಂಡಿನಲ್ಲಿ ನನಗೆ, "ಗಟ್ಟಿ ಹೆಣ್ಣು ಕಣ್ಲಾ" ಅಂದ. ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ.

ನನಗೆ ಅವತ್ತು ಮೇಲೇಳಲಾಗದಷ್ಟು ದಣಿವಾಯಿತು. ಅವಮಾನವೂ ಆಗಿತ್ತು, ಮಗಳು ಉಳಿದಳೆಂಬ ಸಂತೋಷವೂ ಆಗಿತ್ತು, ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಇರಲಿಲ್ಲ. ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಪಾಲಿದೆ ಎಂದು ನಾನೇ ಎಷ್ಟೋ ಜನಕ್ಕೆ ತಿಳಿಸಿ ಹೇಳಿದ್ದೇನೆ. ಅದು ಬೇರೆಯವರ ಮನೆಯ ಮಾತಾಗಿತ್ತು.

ಕೆಲವು ದಿನದ ಮೇಲೆ ಮಧ್ಯಾಹ್ನ ಕರೆಂಟು ಹೋಯಿತು. ಮಿಷನ್ನುಗಳು ನಿಂತವು. ಹೊಲಿಯುವವರು ಗಾಳಿಗೆಂದು ಹೊರಗೆ ಹೋದರು. ಹುಡುಗ ಎಲ್ಲಿಂದಲೋ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಅವರಿಬ್ಬರೂ ಬಂಡಲುಗಳ ಮೇಲೆ ಕೂತು ಒಂದೇ ಕಾಗದಕ್ಕೆ ಕೈ ಹಾಕಿ ತಿನ್ನತೊಡಗಿದರು. ಕೊನೆಯ ಮಿರ್ಚಿಗೆ ಜಗಳ ಹತ್ತಿತು. ಆ ಜಗಳ ಕೇಳುತ್ತಾ ನಾನು ಕೈಯಲ್ಲಿದ್ದ ಮಿಷನ್ನನ್ನು ಟೇಬಲ್ಲಿನ ಮೇಲಿಟ್ಟೆ. ಮಗಳು ಬಾಯಿ ಒರೆಸಿಕೊಂಡು ಕೇಳಿದಳು, ಎಷ್ಟೋ ವರ್ಷದ ಮೇಲೆ.

"ಅಪ್ಪ, ಯಾರನ್ನ ಬದುಕಸ್ತಿ ಇವತ್ತು?"

ಬವೇರಿಯಾದ ಮಗು ನೆನಪಾಯಿತು. ಇಂಗ್ಲೆಂಡಿನ ಅಣ್ಣ, ರಾಣಿಯ ಮಗ, ಆಸ್ಟ್ರಿಯಾದ ತೊಟ್ಟಿಲು. ಯಾರನ್ನೂ ಎಬ್ಬಿಸುವ ಮನಸ್ಸಾಗಲಿಲ್ಲ. ನಾನು ಟೇಬಲ್ಲಿಗೆ ಒರಗಿ ನಿಂತು, ಕಾಜಾ ಮಿಷನ್ನಿನ ಮುಂದೆ ಕೂತು ದಾರ ಕಡಿಯುತ್ತಿದ್ದ ನನ್ನ ಹೆಂಡತಿಯ ಕಡೆ ತಿರುಗಿದೆ. ನನ್ನ ಜನ್ಮದಲ್ಲಿ ಮೊದಲ ಸಲ ಅವಳಿಗೆ ಆ ಆಟದ ಪ್ರಶ್ನೆ ಕೇಳಿದೆ.

"ಅವತ್ತ ಯೂನಿಟ್ಟು ನಿನಗ ಕೊಟ್ಟಿದ್ರ?"

ಅವಳು ಕತ್ತರಿಯನ್ನು ಕೆಳಗಿಡಲಿಲ್ಲ. ಒಂದು ಪ್ಯಾಂಟಿನ ದಾರ ಕಡಿದು ಮಡಚಿ ಪಕ್ಕಕ್ಕಿಟ್ಟು, ಇನ್ನೊಂದನ್ನು ತೊಡೆಯ ಮೇಲೆ ಹಾಕಿಕೊಂಡಳು.

"ನಿಮ್ಮ ಆಟದಾಗ ಯಾರರ ಹುಟ್ಟಬೇಕ್ರಿ, ಇಲ್ಲಂದ್ರ ಯಾರರ ಸಾಯಬೇಕು. ಇದಕ್ಕ ಯಾರೂ ಸಾಯಬೇಕಾಗಿದ್ದಿಲ್ಲ. ನಾ ಇಲ್ಲೇ ಕುಂತಿದ್ದೆ."